ಹನ್ನೊಂದು ಏಟು

ಭಾಲ್ಕಿ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಗೆ ನನ್ನ ತಮ್ಮ ಒಂದು ಆಟದ ಸಾಮಾನು. ಮೂವತ್ತರ ಗಂಡಸು. ಒಮ್ಮೆ ಕಂಡ ಗಾಡಿಯ ನಂಬರ್ ಮರೆಯುತ್ತಿರಲಿಲ್ಲ. ಎದುರಿನವರ ನಗು ಎಂಥದ್ದೆಂದು ಮಾತ್ರ ತಿಳಿಯುತ್ತಿರಲಿಲ್ಲ.

“ಏ ಕಂಪ್ಯೂಟರ್, ಮುಂಜಾನಿ ಔರಾದ ಗಾಡಿ ನಂಬರ್ ಹೇಳಲೇ. ತಪ್ಪಿದ್ರ ಬಸ್ಕಿ!”

ತಪ್ಪುತ್ತಿರಲಿಲ್ಲ. ಆದರೂ ಬಸ್ಕಿ ಹೊಡೆಸುತ್ತಿದ್ದರು. ಬೀದರಿನಿಂದ ಬಂದ ನಮ್ಮ ಪತ್ರಿಕೆಯ ಸಹೋದ್ಯೋಗಿಗಳಿಗೆ ನಾನೂ ಈ ಆಟ ತೋರಿಸಿದ್ದೇನೆ.

ಆಟಿಸಂ ಇರಬಹುದು, ತಪಾಸಣೆ ಮಾಡಿಸಿ ಸರ್ಟಿಫಿಕೇಟ್ ಪಡೆಯಿರಿ ಎಂದು ಡಾಕ್ಟರೊಬ್ಬರು ಹೇಳಿದ್ದರು. ಆಗ ತಂಗಿಗೆ ಕಮಲನಗರದ ಸಂಬಂಧ ಬಂದಿತ್ತು. ಬೀಗರಿಗೆ ಗೊತ್ತಾದೀತೆಂದು ನಾನು ಬೇಡವೆಂದೆ. ಮದುವೆ ಆಯಿತು. ಸರ್ಟಿಫಿಕೇಟ್ ಆಗಲಿಲ್ಲ.

ಅಂಗಡಿಯಲ್ಲಿ ಅವನನ್ನು ನೋಡಿ ನಗದವರು ನಾಲ್ವರು. “ನಿನ್ನಂಥ ತಲಿ ನಮ್ಮ ಸಂಘಟನೆಗೆ ಬೇಕಾಗ್ಯಾದ, ಭಾವು” ಎಂದರು. ಸಂಘಟನೆಯ ಆಫೀಸಿನಲ್ಲಿ ಅವನಿಗೊಂದು ಕುರ್ಚಿ ಹಾಕಿದರು. ನಮ್ಮವರು, ಶತ್ರುಗಳು ಎಂದು ಹೆಸರು, ಗಾಡಿ ನಂಬರುಗಳ ಎರಡು ಪಟ್ಟಿ ಬಾಯಿಪಾಠ ಮಾಡಿಸಿದರು. ಜಗತ್ತು ಅವನಿಗೆ ಮೊದಲ ಸಲ ಸುಲಭವಾಯಿತು. ಮನೆಯಲ್ಲಿ ಅವನು ಪಟ್ಟಿ ಒಪ್ಪಿಸತೊಡಗಿದರೆ ನಾನು ಟಿವಿಯ ಧ್ವನಿ ಹೆಚ್ಚಿಸುತ್ತಿದ್ದೆ.

ಒಂದು ಮಧ್ಯಾಹ್ನ ಚಿಂತಾಕಿ ಹತ್ತಿರ ರಸ್ತೆ ಬದಿ ಅವನನ್ನು ಕೂರಿಸಿದರು. ಪಟ್ಟಿಯಲ್ಲಿದ್ದ ಲಾರಿ ಬಂತು. ತಮ್ಮ ಅವರಿಗೆ ಫೋನ್ ಮಾಡಿದ. ಮುಖಕ್ಕೆ ವಸ್ತ್ರ ಕಟ್ಟಿಕೊಂಡ ನಾಲ್ವರು ಬಂದು ಚಾಲಕನನ್ನು ಕೆಳಗೆಳೆದು ರಾಡಿನಿಂದ ಹೊಡೆದರು. ಆ ಮನುಷ್ಯನ ಬಲಗೈ ಇನ್ನು ಸ್ಟೀರಿಂಗ್ ಹಿಡಿಯುವುದಿಲ್ಲ. ಜನ ಸೇರಿದಾಗ ನಾಲ್ವರೂ ಓಡಿದರು. ತಮ್ಮ ಕೂತೇ ಇದ್ದ.

ಐದಾರು ಏಟು ಬಿದ್ದವು ಎಂದು ಚಾಲಕ ಹೇಳಿಕೆ ಕೊಟ್ಟಿದ್ದ. ಠಾಣೆಯಲ್ಲಿ ತಮ್ಮ ಅದನ್ನು ತಿದ್ದಿದ.

“ಹನ್ನೊಂದು ಹೊಡದಾರ್ರಿ.”

“ಎಣಿಸ್ದವ ಬಿಡಸ್ಲಿಲ್ಲ ಯಾಕ?” ಇನ್ಸ್‌ಪೆಕ್ಟರ್ ಕೇಳಿದರು.

“ಬಿಡಸು ಅಂತ ಯಾರೂ ಹೇಳಿಲ್ರಿ.”

“ಹೊಡದವರು ಯಾರು?”

“ಹೇಳಂಗಿಲ್ರಿ. ಮಾತು ಕೊಟ್ಟೇನಿ.”

ಚಹಾದಂಗಡಿಯಲ್ಲಿ ಪೊಲೀಸರು ವಿಚಾರಿಸಿದರೆ, ಅಲ್ಲಿ ಯಾರೂ ಯಾರನ್ನೂ ನೋಡಿರಲಿಲ್ಲ. ಸುದ್ದಿಯನ್ನು ನಾನೇ ಕಳಿಸಿದೆ, ಐದು ಸಾಲು. ಆರೋಪಿ ನನ್ನ ತಮ್ಮ ಎಂಬುದು ಅದರಲ್ಲಿರಲಿಲ್ಲ.

ಬೀದರ್ ಜೈಲಿಗೆ ಅವ್ವನನ್ನೂ ವಕೀಲರನ್ನೂ ಕರೆದುಕೊಂಡು ಹೋದೆ. “ಡಾಕ್ಟರ್ ಸರ್ಟಿಫಿಕೇಟ್ ಇದ್ರ ಜಾಮೀನಿಗೆ ಭಾಳ ಅನುಕೂಲ ಆಗ್ತಿತ್ತು. ಇಷ್ಟು ವರ್ಷ ಯಾಕ ಮಾಡಸ್ಲಿಲ್ರಿ?” ಎಂದರು ವಕೀಲರು. ನಮಗೆ ತಿಳಿವಳಿಕೆ ಇರಲಿಲ್ಲ ಎಂದು ನಾನು ಶುರುಮಾಡಿದೆ.

ಜಾಲರಿಯ ಆಚೆಯಿಂದ ತಮ್ಮ ನನ್ನನ್ನೂ ತಿದ್ದಿದ. “ಅಣ್ಣ ಬ್ಯಾಡಂದಾನ್ರಿ. ಅವತ್ತು ಮಂಗಳವಾರ. ತಂಗಿ ಮದುವಿ ಕೆಡ್ತದಂತ.”

ಅವ್ವ ನನ್ನ ಕಡೆ ನೋಡಲಿಲ್ಲ.

“ಅದೆಲ್ಲ ಈಗ ಯಾಕ ಹೇಳ್ತಿ?” ಎಂದೆ.

“ಹೆಸರು ಹೇಳಬ್ಯಾಡ ಅಂತ ಅವರು ಅಂದಿದ್ರು. ನೀ ಅಂದಿಲ್ಲಲ್ಲ, ಅಣ್ಣಾ.”

ಜಾಮೀನು ಅರ್ಜಿ ವಜಾ ಆಯಿತು. ಆ ವಿಷಯ ಹೇಳಲು ಹೋದಾಗ ಅವನು ಕೇಳಿದ್ದು ಒಂದೇ: “ಅಲ್ಲಿ ನನ್ನ ಕುರ್ಚಿ ಇನ್ನಾ ಅದನ?”

ಅದ, ಎಂದೆ. ಬೇರೊಬ್ಬ ಕೂತಿದ್ದಾನೆ ಎಂದು ಹೇಳಲಿಲ್ಲ.