ಮುಂದಿನ ಸೀಟಿನ ಪೋಕರ್

ಕಾರಿನಲ್ಲಿ ಹಿಂದೆ ಕೂತರೆ ನನಗೆ ವಾಂತಿಯಾಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಪ್ಪತ್ತರ ಹತ್ತಿರ ಬಂದಮೇಲೆ ನಾನು ಇಸ್ಪೀಟ್ ಎಲೆ ಹಿಡಿದದ್ದು ಈ ವಾಂತಿಯ ದೆಸೆಯಿಂದ. ಮುದುಕಿಗೆ ಜೂಜಿನ ಚಟ ಹತ್ತಿದೆ ಅಂತ ನಮ್ಮ ಓಣಿಯಲ್ಲಿ ಸುದ್ದಿಯಾಗಿತ್ತು. ಜೂಜಲ್ಲ, ವಾಂತಿ.

ನಾವು ಬಳ್ಳಾರಿಯಲ್ಲಿ ಕಂಟೋನ್ಮೆಂಟ್ ಕಡೆ ಇದ್ದೇವೆ. ನಾನು, ಮಗ, ಸೊಸೆ. ಮಗ ಕಾರು ತಗೊಂಡ ಹೊಸದರಲ್ಲಿ ಒಂದು ಮದುವೆಗೆ ಹೊರಟೆವು. ನಾನು ಹಿಂದೆ ಕೂತೆ. ಊರು ದಾಟುವುದರೊಳಗೆ ಸೊಸೆಯ ರೇಷ್ಮೆ ಸೀರೆ ಹಾಳಾಯಿತು. ಅವಳು ಮನೆಗೆ ವಾಪಸ್ ಹೋಗಿ ಬೇರೆ ಸೀರೆ ಉಟ್ಟು ಬಂದು ನನ್ನನ್ನು ಮುಂದೆ ಕೂರಿಸಿದಳು. ಮುಂದೆ ಕೂತರೆ ಏನೂ ಆಗುವುದಿಲ್ಲ.

ಆಮೇಲೆ ಶ್ರೀಶೈಲಕ್ಕೆ ಹೋಗುವ ಮಾತು ಬಂತು. ನಾನು ಶ್ರೀಶೈಲ ನೋಡಿರಲಿಲ್ಲ. ನನ್ನ ಗಂಡ ಇದ್ದಾಗ ಮೂರು ಸಲ ಪಾದಯಾತ್ರೆ ಮಾಡಿದ್ದ. ಮೂರು ಸಲವೂ ಅವನ ಅಂಗಾಲಿನ ಬೊಬ್ಬೆಗೆ ಎಣ್ಣೆ ಹಚ್ಚಿದವಳು ನಾನು. ಶ್ರೀಶೈಲದ ದೇವರು ಮಲ್ಲಯ್ಯನ ಪರಿಚಯ ನನಗೆ ಬೊಬ್ಬೆಯ ಕಡೆಯಿಂದಷ್ಟೇ. ಈ ಸಲ ಮುಖ ನೋಡಿಯೇ ಬರಬೇಕು ಅಂತ ಚೀಲ ಒಗೆದು ಒಣಗಹಾಕಿದ್ದೆ.

ಅಷ್ಟರಲ್ಲಿ ಕುರುಗೋಡಿನಿಂದ ನಾದಿನಿಯ ಫೋನು ಬಂತು. ನನ್ನ ಗಂಡನ ತಂಗಿ. ತಾನೂ ಬರುತ್ತಾಳಂತೆ. ಆದರೆ ಅವಳ ಮೊಳಕಾಲು ಮಡಚುವುದಿಲ್ಲ, ಕಾಲು ಚಾಚಲು ಮುಂದಿನ ಸೀಟೇ ಆಗಬೇಕಂತೆ.

ಮಗ ನನ್ನ ಮುಂದೆ ಕೂತು ನಿಧಾನಕ್ಕೆ ಹೇಳಿದ. "ಘಾಟ್ ರೋಡ್ ಐತವ್ವಾ. ಹಿಂದ ಕುಂತ್ರ ನಿನಗೂ ತ್ರಾಸ, ನಮಗೂ ತ್ರಾಸ. ಮುಂದಿನ ಸೀಟ್ ಸಿಕ್ರ ಬಾ. ಇಲ್ಲಂದ್ರ ಇನ್ನೊಂದು ಸಲ ಹೋಗೂಣಂತ."

ಇನ್ನೊಂದು ಸಲ ಎನ್ನುವುದು ನನ್ನ ವಯಸ್ಸಿನವರಿಗೆ ಹೇಳುವ ಮಾತಲ್ಲ. ಅದನ್ನು ಅವನಿಗೂ ಹೇಳಿದೆ. ಅವನು ಎದ್ದುಹೋದ.

ಯಾತ್ರೆಗೆ ಇನ್ನೂ ಒಂದು ವಾರ ಇರುವಾಗಲೇ ನಾದಿನಿ ಎರಡು ಚೀಲ ಹಿಡಿದು ಬಂದಳು. ಚಪ್ಪಲಿ ಬಿಡುವ ಮೊದಲೇ ಮಾತು ಶುರುವಾಯಿತು.

"ಅಣ್ಣನ ಮನಿ ಕಾರಿನಾಗ ತಂಗಿಗೆ ಒಂದು ಸೀಟ್ ಇಲ್ಲೇನು?"

"ಐತಿ. ಹಿಂದ ಐತಿ."

"ಕಾಲು ಮಡಚಂಗಿಲ್ಲ ಅತ್ತಿಗಿ."

"ಬಸ್ಸಿನಾಗ ಹೆಂಗ ಬಂದಿ?"

"ನಿಂತು ಬಂದೆ."

ಸುಳ್ಳಲ್ಲ, ಅವಳು ನಿಂತೇ ಬರುವ ಹೆಂಗಸು. ಎರಡು ದಿನ ಹೀಗೇ ನಡೆಯಿತು. ಮೂರನೇ ದಿನ ನಾದಿನಿಯೇ ಒಂದು ದಾರಿ ಹೇಳಿದಳು. "ರಮ್ಮಿ ಆಡೂಣು. ಗೆದ್ದಾಕಿ ಮುಂದ ಕುಂದರ್ಲಿ." ಕುರುಗೋಡಿನಲ್ಲಿ ಮಧ್ಯಾಹ್ನದ ರಮ್ಮಿಯಲ್ಲಿ ಅವಳನ್ನು ಸೋಲಿಸಿದವರಿಲ್ಲ. ನನಗೆ ಎಲೆಯಲ್ಲಿ ರಾಜ ಯಾವುದು ಗುಲಾಮ ಯಾವುದು ಗೊತ್ತಿರಲಿಲ್ಲ. ಇಬ್ಬರಿಗೂ ಮೀಸೆ.

ಆಗ ಸೊಸೆ ನಡುವೆ ಬಂದಳು. ಹುಬ್ಬಳ್ಳಿಯಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಅವಳು ಪೋಕರ್ ಅಂತ ಒಂದು ಆಟ ಕಲಿತಿದ್ದಳಂತೆ. ಇದನ್ನು ನಾವು ಹೆಣ್ಣು ನೋಡಲು ಹೋದಾಗ ಅವರ ಮನೆಯವರು ಹೇಳಿರಲಿಲ್ಲ. "ಇಬ್ರಿಗೂ ಬರದ ಆಟ ಅತ್ತಿ. ನಾನು ಕಲಸ್ತೀನಿ. ಭಾನುವಾರ ಖರೇ ಆಟ. ಚಹಾದ ಹೊತ್ತಿಗೆ ಯಾರ ಮುಂದ ಪಣದ ಕಾಳು ಜಾಸ್ತಿ ಇರ್ತಾವು ಅವರದ್ದು ಸೀಟ್. ಸೋಮವಾರ ಬೆಳಿಗ್ಗೆ ಹೋಗೋದು." ಇಬ್ಬರೂ ಒಪ್ಪಿದೆವು.

ಊಟವಾದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿದೆವು. ಪಣಕ್ಕೆ ಮೊದಲ ದಿನ ಶೇಂಗಾ ಇಟ್ಟೆವು. ನಾದಿನಿ ಆಡುತ್ತ ಆಡುತ್ತ ತನ್ನದರಲ್ಲಿ ಅರ್ಧ ತಿಂದಳು, ಸೋತ ಲೆಕ್ಕಕ್ಕೆ ಅದು ಬರುವುದಿಲ್ಲ ಅಂತ ವಾದ ಹೂಡಿದಳು. ಮರುದಿನದಿಂದ ಹುಣಸೆಬೀಜ, ತಲೆಗೆ ಐವತ್ತು.

ಆಟ ಇಷ್ಟೇ. ಮೊದಲು ಇಬ್ಬರೂ ಒಂದೊಂದು ಬೀಜ ನಡುವೆ ಇಡಬೇಕು. ಒಬ್ಬೊಬ್ಬರಿಗೆ ಎರಡೆರಡು ಎಲೆ, ಅದನ್ನು ಎದುರಿನವರಿಗೆ ತೋರಿಸಬಾರದು. ಆಮೇಲೆ ನಡುವೆ ಮೂರು ಎಲೆ ಬಿಚ್ಚಿಡುತ್ತಾರೆ, ಮತ್ತೆ ಒಂದು, ಮತ್ತೆ ಒಂದು. ನಡುವಿನ ಐದು ಇಬ್ಬರಿಗೂ ಸೇರಿದ್ದು. ಕೈಯಲ್ಲಿದ್ದದ್ದನ್ನೂ ನಡುವಿನದನ್ನೂ ಕೂಡಿಸಿ ಯಾರ ಐದು ಎಲೆ ಜೋರಾಗಿವೆಯೋ ಅವರು ಗೆದ್ದರು. ಜೋಡಿಗಿಂತ ಎರಡು ಜೋಡಿ ದೊಡ್ಡದು, ಅದಕ್ಕಿಂತ ಒಂದೇ ಥರದ ಮೂರು. ಐದೂ ಒಂದೇ ಜಾತಿಯ ಎಲೆ ಬಂದರೆ ಫ್ಲಶ್ ಅಂದಳು ಸೊಸೆ.

"ಉಂಡ ಕೈ ಇನ್ನೂ ಒಣಗಿಲ್ಲ, ಇದೇನು ಮಾತವಾ" ಅಂದಳು ನಾದಿನಿ.

ನಾದಿನಿಗೆ ರಮ್ಮಿಯ ಕೈ. ನಡುವೆ ಬಿಚ್ಚಿದ ಎಲೆ ಎತ್ತಿಕೊಂಡು ತನ್ನದೊಂದು ಒಗೆಯುತ್ತಿದ್ದಳು. ಸೊಸೆ ಅವಳ ಮುಂಗೈ ಹಿಡಿದು ಎಷ್ಟು ಸಲ ತಡೆದಳೋ. ನನ್ನ ತಪ್ಪು ಬೇರೆ. ಎಲೆ ಬಂದ ಕೂಡಲೇ ಬಾಯಿ ಬಿಟ್ಟು ಹೇಳುತ್ತಿದ್ದೆ. "ನಂಗ ಎರಡು ರಾಣಿ ಬಂದಾವು."

"ಹೇಳಬಾರದು ಅತ್ತಿ. ಮುಖದ ಮ್ಯಾಲೂ ತೋರಿಸಬಾರದು. ಇಲ್ಲದ್ದನ್ನ ಐತಿ ಅನ್ನಂಗ ಇರಬೇಕು."

"ಗೊತ್ತಾತು" ಅಂದೆ. "ನಮ್ಮಪ್ಪ ಮನಿ ನೋಡಾಕ ಬಂದಾಗ ಇವರಪ್ಪ ಎಂಟು ಎತ್ತು ಕಟ್ಟಿದ್ನಲ್ಲ, ಹಂಗ."

"ಎಂಟೂ ನಮ್ಮವ ಇದ್ದವು ಅತ್ತಿಗಿ."

"ಆರು ಪಕ್ಕದ ಮನಿಯವು. ಬಂದು ಸಗಣಿ ಬಳಿದಾಕಿ ನಾನು, ನಂಗೊತ್ತಿಲ್ಲೇನು."

ಇನ್ನು ಆಟದ ಮಾತುಗಳು. ಎದುರಿನವರು ಇಟ್ಟಷ್ಟೇ ಇಟ್ಟರೆ ಕಾಲ್. ಅವರಿಗಿಂತ ಹೆಚ್ಚು ಇಟ್ಟರೆ ರೇಯ್ಸ್, ನನ್ನ ಕಿವಿಗೆ ರೈಸ್. ಎಲೆ ಮುಚ್ಚಿಟ್ಟು ಆ ಆಟ ಬಿಟ್ಟರೆ ಫೋಲ್ಡ್. ನಾನು ಹುಟ್ಟಿದ್ದು ಸಿರುಗುಪ್ಪದಲ್ಲಿ, ಗದ್ದೆಯ ಸೀಮೆ, ಸುತ್ತ ಎತ್ತ ನೋಡಿದರೂ ರೈಸ್ ಮಿಲ್ಲು. ರೈಸ್ ಅಂದರೆ ಅಕ್ಕಿ ಅಂತ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ಇದು ಆ ರೈಸ್ ಅಲ್ಲ ಅಂತ ಸೊಸೆ ಹೇಳಿದಳು, ನಾನು ಕೇಳಲಿಲ್ಲ. "ಅಕ್ಕಿ ಹಾಕಿದೆ" ಅಂತಲೇ ಬೀಜ ಇಡುತ್ತಿದ್ದೆ. ನಾದಿನಿಯೂ ಹಾಗೇ ಅನ್ನತೊಡಗಿದಳು.

"ಫೋಲ್ಡ್ ಅಂದ್ರ ಮಡಚೋದು" ಅಂತ ಸೊಸೆ ಬಿಡಿಸಿ ಹೇಳಿದಾಗ ನಾದಿನಿ ತಲೆ ಅಲ್ಲಾಡಿಸಿದಳು. "ನಂದು ಮಡಚಂಗಿಲ್ಲ, ಡಾಕ್ಟ್ರು ಹೇಳ್ಯಾರ."

ಬಾಯಿ ಮಾತಿನಲ್ಲಿ ನಗೆಯಾಯಿತು. ಆಟದಲ್ಲೂ ಅವಳು ಮಡಚಲಿಲ್ಲ, ನಾನೂ ಮಡಚಲಿಲ್ಲ. ಅವಳು ಐದು ಬೀಜ ಇಟ್ಟರೆ ನಾನು ಆರು ಇಡುತ್ತಿದ್ದೆ. ನಾನು ಆರು ಇಟ್ಟದ್ದಕ್ಕೆ ಅವಳು ಏಳು. ಕೈಯಲ್ಲಿ ಎರಡು, ಮೂರು ಇಂಥ ದರಿದ್ರ ಎಲೆ ಇದ್ದರೂ ಇದೇ ಕತೆ. ಐವತ್ತೂ ಬೀಜ ನಡುವೆ ಬೀಳುವತನಕ ಇಬ್ಬರೂ ನಿಲ್ಲುತ್ತಿರಲಿಲ್ಲ. ಒಂದು ಆಟವೂ ಎರಡನೇ ಸಲ ಎಲೆ ಹಂಚುವತನಕ ಹೋಗಲಿಲ್ಲ. ಸೊಸೆ ಹಣೆ ಹಿಡಿದುಕೊಂಡಳು.

"ಅತ್ತಿ, ನಿಮ್ಮ ಕೈಯಾಗ ಏನೂ ಇಲ್ಲ. ಬಿಟ್ಟುಬಿಡ್ರಿ."

"ಹೆಂಗ ಬಿಡ್ಲಿ? ಆಕಿ ಐದು ಇಟ್ಟಾಳ. ತಿರುಗಿ ಆರು ಇಡದಿದ್ರ ಏನಂದಾರು?"

"ಯಾರು ಏನಂತಾರ? ಇಲ್ಲಿ ಇರೋದು ನಾವು ಮೂರು ಮಂದಿ."

ಅವಳಿಗೆ ಅರ್ಥವಾಗಲಿಲ್ಲ, ಅವಳು ಹಾಸ್ಟೆಲಿನಲ್ಲಿ ಕಲಿತವಳು. ನಾವಿಬ್ಬರು ಆಡುತ್ತಿದ್ದದ್ದು ಮುಯ್ಯಿ. ನಮ್ಮ ಮನೆಯ ಕಾರ್ಯಕ್ಕೆ ಅವರು ಸೀರೆ ತಂದರೆ, ಅವರ ಮನೆಯ ಕಾರ್ಯಕ್ಕೆ ನಾವು ಸೀರೆಯ ಮೇಲೊಂದು ಕುಪ್ಪಸದ ಬಟ್ಟೆ ಇಡಬೇಕು. ಸಮಕ್ಕೆ ಸಮ ಇಟ್ಟರೆ ಮೂಗು ಮುರಿಯುತ್ತಾರೆ, ಇಡದೇ ಬಿಟ್ಟರೆ ಆ ಮನೆಯ ಸಂಬಂಧ ಕಡಿಯಿತು. ಐವತ್ತು ವರ್ಷ ಇದನ್ನೇ ಮಾಡಿದ ಕೈಗೆ ಈಗ ಬಿಡು ಅಂದರೆ ಎಲ್ಲಿ ಬಿಡುತ್ತದೆ. ಹೀಗೆ ಆಡಿ ಆಡಿ ಶುಕ್ರವಾರದ ಹೊತ್ತಿಗೆ ನಾದಿನಿ ಏಳು ಆಟ ಗೆದ್ದಿದ್ದಳು, ನಾನು ಎರಡು. ಅವಳ ಎಲೆಯ ದೆಸೆ ಚೆನ್ನಾಗಿತ್ತು. ಭಾನುವಾರವೂ ಹಾಗೇ ಆದರೆ ನಾನು ಮನೆಯಲ್ಲಿ ಕೂತು ಟೀವಿಯಲ್ಲಿ ಶ್ರೀಶೈಲ ನೋಡಬೇಕಿತ್ತು.

ಶನಿವಾರ ಬುತ್ತಿಯ ಡಬ್ಬಿ ತರಲು ಬ್ರೂಸ್‌ಪೇಟೆಗೆ ಹೋದೆ. ಹೋಗುವುದು ಖಾತ್ರಿ ಇಲ್ಲದಿದ್ದರೂ ಡಬ್ಬಿ ಬೇಕಲ್ಲ. ಪಾತ್ರೆ ಅಂಗಡಿಯಲ್ಲಿ ಮೋಕಾ ಊರಿನ ಒಬ್ಬ ಹೆಂಗಸು ಎದುರಾದಳು. ದೂರದ ಸಂಬಂಧ. ಅವಳನ್ನು ನೋಡಿ ನಾನು ಕಂಬದ ಹಿಂದೆ ಸರಿದೆ. ಅದಕ್ಕೆ ಕಾರಣವಿತ್ತು. ನನ್ನ ಮಗನ ತೊಟ್ಟಿಲಿಗೆ ಅವಳು ಒಂದು ಲೋಟ ತಂದಿದ್ದಳು. ನಾನು ಅವಳ ಮಗಳಿಗೆ ಲೋಟ, ಜೊತೆಗೆ ತಟ್ಟೆ ಕೊಟ್ಟೆ. ಅವಳು ಕೊಡ ತಂದಳು. ನಾನು ಕೊಡ, ಜೊತೆಗೆ ಹಂಡೆ. ಹೀಗೆ ಬೆಳೆದು ಬೆಳೆದು ಅವಳ ಮಗಳ ಮದುವೆಗೆ ನಾನು ಕಬ್ಬಿಣದ ಕಪಾಟು ಕೊಡಬೇಕಾದ ಹಂತಕ್ಕೆ ಬಂತು. ನಾನು ಜ್ವರ ಅಂತ ಹೇಳಿಕಳಿಸಿ ಮದುವೆಗೇ ಹೋಗಲಿಲ್ಲ. ಅವತ್ತಿನಿಂದ ಮುಖ ತೋರಿಸಿರಲಿಲ್ಲ.

ಅವಳು ಕಂಬದ ಹಿಂದೆಯೇ ಬಂದಳು. "ಯಾಕವಾ, ಅಡಗಿ ಕುಂತೀಯಲ್ಲ."

"ನಿನ್ನ ಮಗಳ ಮದುವಿಗೆ ಬರಲಿಲ್ಲಲ್ಲ, ಅದಕ್ಕ."

ಅವಳು ಅಂಗಡಿಯವನು ತಿರುಗಿ ನೋಡುವ ಹಾಗೆ ನಕ್ಕಳು. "ನೀ ಬರದಿದ್ದದ್ದು ಪುಣ್ಯ ಬಂತು. ನೀ ಕಪಾಟು ತಂದಿದ್ರ ನಾನು ನಿನ್ನ ಮಗನ ಮದುವಿಗೆ ಎಮ್ಮಿ ಹೊಡ್ಕೊಂಡು ಬರಬೇಕಿತ್ತು. ನಮ್ಮನಿಯವರು ನಿನ್ನ ಹೆಸರು ಹೇಳಿ ಆವತ್ತು ಎರಡು ಹೋಳಿಗಿ ಜಾಸ್ತಿ ಉಂಡ್ರು."

ಇಷ್ಟು ವರ್ಷ ಕಂಬ, ಬಾಗಿಲು, ಬಸ್ಸಿನ ಮರೆ ಹುಡುಕಿದ್ದೇ ದಂಡ. ಬಿಟ್ಟರೆ ಏನೂ ಆಗುವುದಿಲ್ಲ. ಆಟೋದಲ್ಲಿ ಮನೆಗೆ ಬರುವಷ್ಟರಲ್ಲಿ ಇದು ನನ್ನ ತಲೆಗೆ ಹೋಯಿತು. ಸೊಸೆ ಇಷ್ಟು ದಿನ ಹೇಳಿದಾಗ ಹೋಗಿರಲಿಲ್ಲ.

ಭಾನುವಾರ ಆಟಕ್ಕೆ ಕೂತೆವು. ನನಗೆ ಕೆಟ್ಟ ಎಲೆ ಬಂತು. ನಾದಿನಿ ಐದು ಬೀಜ ಇಟ್ಟಳು. ನಾನು ಎಲೆ ಮಗುಚಿ ಚಾಪೆಯ ಮೇಲಿಟ್ಟೆ.

"ಬಿಟ್ಟೆ."

ನಾದಿನಿ ನನ್ನ ಹಣೆ ಮುಟ್ಟಿ ನೋಡಿದಳು. "ಯಾಕ, ಆರಾಮ ಇಲ್ಲೇನು?"

"ಆರಾಮ ಅದೀನಿ. ಎಲಿ ಆರಾಮ ಇಲ್ಲ."

ಆಮೇಲೂ ಬಿಟ್ಟೆ, ಮತ್ತೂ ಬಿಟ್ಟೆ. ನಾದಿನಿ ಒಂದೊಂದಾಗಿ ಬೀಜ ಗುಡ್ಡೆ ಹಾಕಿಕೊಂಡು ಖುಷಿಯಾಗಿದ್ದಳು. ನನ್ನ ಹತ್ತಿರ ಮೂವತ್ತೊಂದು ಉಳಿದವು, ಅವಳದ್ದು ಅರವತ್ತೊಂಬತ್ತು. ಆಗ ನನಗೆ ಎರಡು ಒಂಬತ್ತು ಬಂದವು. ನಡುವೆ ಬಿಚ್ಚಿದ ಮೂರರಲ್ಲಿ ಒಂದು ರಾಜ, ಒಂದು ನಾಲ್ಕು, ಇನ್ನೊಂದು ಒಂಬತ್ತು. ಈ ಸಲ ನಾನು ಏನೂ ಹೇಳಲಿಲ್ಲ. ಹಲ್ಲು ಕಡಿದು ಕೂತೆ, ಇದ್ದಷ್ಟು ಹಲ್ಲು.

"ಐದು" ಅಂತ ಇಟ್ಟೆ.

"ಅಕ್ಕಿ, ಆರು" ಅಂದಳು ನಾದಿನಿ.

"ಏಳು."

ಅವಳು ಬಿಡುವವಳಲ್ಲ ಅಂತ ನನಗೆ ಗೊತ್ತಿತ್ತು. ನನ್ನ ಸೀಮಂತಕ್ಕೂ ಬಿಟ್ಟಿರಲಿಲ್ಲ, ತೊಟ್ಟಿಲಿಗೂ ಬಿಟ್ಟಿರಲಿಲ್ಲ. ನನ್ನ ಮೂವತ್ತೊಂದೂ ನಡುವೆ ಹೋದವು, ಅವಳದ್ದೂ ಅಷ್ಟೇ. ಸೊಸೆ ಉಳಿದೆರಡು ಎಲೆ ಬಿಚ್ಚಿದಳು, ರಾಣಿ ಒಂದು, ನಾಲ್ಕು ಒಂದು. ಅವಳ ಹತ್ತಿರ ರಾಜನ ಜೋಡಿ, ನಾಲ್ಕರ ಜೋಡಿ. ನನ್ನವು ಮೂರು ಒಂಬತ್ತು, ಎರಡು ನಾಲ್ಕು. ಸೊಸೆ ಫುಲ್ ಹೌಸ್ ಅಂದಳು, ಎರಡು ಜೋಡಿಗಿಂತ ಎಷ್ಟೋ ದೊಡ್ಡದು. ನನಗೆ ಅರವತ್ತೆರಡು ಬೀಜ, ನಾದಿನಿಗೆ ಮೂವತ್ತೆಂಟು.

ಗಡಿಯಾರ ನೋಡಿದೆ. ಚಹಾಕ್ಕೆ ಇನ್ನೂ ಇಪ್ಪತ್ತು ನಿಮಿಷ. ಲೆಕ್ಕ ಹಾಕಿದೆ. ಪ್ರತಿ ಆಟ ಬಿಟ್ಟರೆ ನನ್ನದು ಒಂದು ಬೀಜ ಅವಳಿಗೆ ಹೋಗುತ್ತದೆ. ಹನ್ನೆರಡು ಸಲ ಬಿಟ್ಟರೆ ಸಮ. ಹನ್ನೊಂದರ ತನಕ ಶ್ರೀಶೈಲ ನನ್ನದೇ.

"ಬಿಟ್ಟೆ" ಅಂದೆ. ಮುಂದಿನದರಲ್ಲೂ "ಬಿಟ್ಟೆ."

ಮೂರನೇ ಸಲಕ್ಕೆ ನಾದಿನಿಗೆ ತಿಳಿಯಿತು. "ಏ ಹುಡುಗಿ, ಲಗೂನ ಹಂಚು. ನಿಮ್ಮತ್ತಿ ಹೊತ್ತು ಕಳ್ಯಾಕ ಹತ್ಯಾಳ."

ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದೆ. ಹಾಕಿಕೊಂಡೆ. ಎಲೆ ಎತ್ತಿ ಬೆಳಕಿಗೆ ಹಿಡಿದೆ. ಮತ್ತೆ ಕನ್ನಡಕ ಒರೆಸಿದೆ.

"ನೋಡೋದೇನೈತಿ ಅದರಾಗ, ಹೆಂಗಿದ್ರೂ ಬಿಡಾಕಿ ನೀನು."

"ಬಿಡೋ ಮುಂದ ನೋಡಿ ಬಿಡಬೇಕವಾ."

ಒಂದು ಸಲ ಎರಡು ಎಕ್ಕ ಬಂದವು. ಸೊಸೆ ಹೇಳಿದ ಪ್ರಕಾರ ಅದಕ್ಕಿಂತ ಒಳ್ಳೆಯ ಎಲೆಯಿಲ್ಲ. ಅದನ್ನೂ ಬಿಟ್ಟೆ. ನಾದಿನಿ ಮಗುಚಿ ನೋಡಿ ಎದೆ ಬಡಿದುಕೊಂಡಳು. ನಾನು ಬೇಕಂತಲೇ ಹೊತ್ತು ತಳ್ಳುತ್ತಿದ್ದೇನೆ, ಇದು ಆಟವೇ ಅಲ್ಲ ಅಂದಳು. ಹತ್ತನೇ ಸಲ ಬಿಡುವಾಗ ಸೊಸೆ ಚಹಾ ಇಡಲು ಎದ್ದಳು.

"ನಂಗ ಇವತ್ತು ಚಹಾ ಬ್ಯಾಡ" ಅಂದಳು ನಾದಿನಿ. ದಿನಕ್ಕೆ ಐದು ಸಲ ಕುಡಿಯುವ ಹೆಂಗಸು.

"ನಂಗ ಬೇಕು" ಅಂದೆ.

ಬೀಜ ಎಣಿಸಿದರು. ನನ್ನವು ಐವತ್ತೆರಡು, ಅವಳವು ನಲವತ್ತೆಂಟು. ನಾದಿನಿ ಚಹಾವನ್ನೂ ಕುಡಿದಳು.

ಸೋಮವಾರ ಮುಂದೆ ಕೂತೆ. ನಾದಿನಿ ಹಿಂದೆ ಅಡ್ಡಡ್ಡ ಕೂತು ಸೊಸೆಯ ತೊಡೆಯ ಮೇಲೆ ಕಾಲು ಚಾಚಿದಳು. ಘಾಟಿನಲ್ಲಿ ನನಗೆ ಒಂದು ತೇಗು ಸಹ ಬರಲಿಲ್ಲ. ಮಲ್ಲಯ್ಯನನ್ನು ನೋಡಿದೆ. ಮೂರು ತಾಸು ಸಾಲಿನಲ್ಲಿ ನಿಂತು, ಹಿಂದಿನವರು ನೂಕುವುದರೊಳಗೆ ಲಿಂಗಕ್ಕೆ ಹಣೆ ಮುಟ್ಟಿಸಿದೆ. ಕಲ್ಲು ತಣ್ಣಗಿತ್ತು. ನೋಡಬೇಕಾದದ್ದು ನೋಡಿಯಾಯಿತು.

ವಾಪಸ್ ಹೊರಡುವ ಬೆಳಿಗ್ಗೆ ನಾದಿನಿ ಕಾರಿನ ಮುಂದಿನ ಬಾಗಿಲಿಗೆ ಒರಗಿ ನಿಂತಿದ್ದಳು. ಕೈಯಲ್ಲಿ ಇಸ್ಪೀಟ್ ಕಟ್ಟು. "ನಾವು ಆಡಿದ್ದು ಹೋಗೋ ಸೀಟಿಗೆ ಅತ್ತಿಗಿ. ಬರೋ ಸೀಟಿಗೆ ಆಡಿಲ್ಲ."

ಅವಳ ಮೊಳಕಾಲು ನೀರಿನ ಕೊಡದ ಹಾಗೆ ಊದಿತ್ತು. ಮಗ ಗಡಿಯಾರ ನೋಡಿದ. ಸೊಸೆ ನನ್ನ ಮುಖ ನೋಡಿದಳು.

"ಬಿಟ್ಟೆ" ಅಂದು ಹಿಂದೆ ಹತ್ತಿ ಕೂತೆ.

ಘಾಟ್ ಇಳಿಯುವುದರೊಳಗೆ ಎರಡು ಸಲ ಕಾರು ನಿಲ್ಲಿಸಬೇಕಾಯಿತು. ಎರಡನೇ ಸಲ ನಾದಿನಿಯೇ ಇಳಿದು ಬಂದು ನನ್ನ ಬೆನ್ನು ನೀವಿದಳು, ನೀರಿನ ಬಾಟಲಿ ಹಿಡಿದು ನಿಂತಳು.

"ಆಡಿದ್ರ ನೀನ ಗೆಲ್ತಿದ್ದಿ" ಅಂದಳು.

"ಹೂಂ" ಅಂದು ಬಾಯಿ ತೊಳೆದುಕೊಂಡೆ.