ಎರಡು ಮೈನಸ್‌ಗಳ ಮಡಿ

ಮಾಳಿಗೆಯ ಮೇಲಿನ ನೀರಿನ ಟಾಕಿ ತುಂಬಿ ಹರಿದು, ಹೆಂಡತಿ ಒಣಹಾಕಿದ್ದ ಸಂಡಿಗೆಯೆಲ್ಲ ಮರಳಿ ಗಂಜಿಯಾದ ದಿನ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ: ಇನ್ನು ಟಾಕಿ ತುಂಬಿದೊಡನೆ ಅಡುಗೆಮನೆಯಲ್ಲಿ ಪೀಪಿ ಕೂಗತಕ್ಕದ್ದು.

ನಮ್ಮ ಇಂಡಿ ಊರಲ್ಲಿ ನಿವೃತ್ತ ವಿಜ್ಞಾನ ಮಾಸ್ತರನ ಪ್ರತಿಜ್ಞೆಗೆ ಯಾರೂ ನಡುಗುವುದಿಲ್ಲ. ಹೆಂಡತಿ ಮರುದಿನವೇ ಹೊಸ ಸಂಡಿಗೆ ಹಾಕಿ, "ಇದೂ ತೊಯ್ದ್ರ, ದಿನಾ ನೀವ ಛತ್ರಿ ಹಿಡ್ಕೊಂಡು ಟಾಕಿ ಕಾಯಬೇಕ ನೋಡ್ರಿ" ಎಂದಳು.

ನೀರು ಮುಟ್ಟಿದ್ದನ್ನು ತಿಳಿಸುವ ಸರ್ಕೀಟನ್ನು ಟಾಕಿಯ ಬಳಿ ಕೂಡಿಸಿದೆ, ಅದಕ್ಕೆ ಬ್ಯಾಟರಿ. ಪೀಪಿ ಕೂಗಿಸುವ ಸರ್ಕೀಟು ಕೆಳಗೆ, ಅದಕ್ಕೆ ಅಡಾಪ್ಟರು. ನಡುವೆ ಒಂದೇ ವಾಯರು. ಬೇರೆ ಬೇರೆ ಕರೆಂಟು ಒಂದನ್ನೊಂದು ಮುಟ್ಟಬಾರದೆಂದು ಕಟ್ಟುನಿಟ್ಟಿನ ಮಡಿ ಕಾಯ್ದೆ. ಪೀಪಿ ಟಾಕಿ ಖಾಲಿ ಇದ್ದಾಗ ಕೂಗಿತು. ನಾನು ವಾಯರು ಮುಟ್ಟಿದಾಗ ಕೂಗಿತು. ನೀರು ಮುಟ್ಟಿದಾಗ ಮಾತ್ರ ಮೌನವ್ರತ.

ಸಿಂದಗಿಯಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿರುವ ಹೆಂಡತಿಯ ತಮ್ಮ ಅಂದೇ ಬಂದ. ನೋಡಿದ, ನಕ್ಕ.

"ಮಾಮಾ, ಎರಡರ ಮೈನಸ್ಸೂ ಕೂಡಿಸೇ ಇಲ್ಲಲ್ರಿ?"

"ಬ್ಯಾಟರೀದು ಬ್ಯಾಟರಿಗೆ, ಅಡಾಪ್ಟರಿಂದು ಅಡಾಪ್ಟರಿಗೆ. ಕೂಡಿಸಿದ್ರ ಸುಡ್ತಾವು!"

"ಪ್ಲಸ್ ಕೂಡಿಸಬ್ಯಾಡ್ರಿ. ಮೈನಸ್ ಕೂಡಿಸ್ರಿ. ಮ್ಯಾಲಿಂದ ಐದು ವೋಲ್ಟ್ ಬಂತಂದ್ರ, ಎಲ್ಲಿಂದ ಎಣಿಸಿದ ಐದು ಅಂತ ಕೆಳಗಿಂದಕ್ಕ ಹ್ಯಾಂಗ ತಿಳೀಬೇಕು?"

ಹೆಂಡತಿ ಒಗ್ಗರಣೆ ಬಿಟ್ಟು ಬಂದಳು. "ಮುದ್ದೇಬಿಹಾಳದಾಗ ನಮ್ಮ ಬಾವಿ ನೆನಪೈತೇನೋ ತಮ್ಮಾ? ಅಪ್ಪ ಕಟ್ಟಿಯಿಂದ ಹಗ್ಗ ಇಳಿಸಿ ನೀರು ಹತ್ತು ಮೊಳದಾಗ ಐತಿ ಅಂತಿದ್ದ. ಕಾಕಾ ತಳದಿಂದ ಎಣಿಸಿ ಆರು ಅಂತಿದ್ದ. ಇಬ್ಬರದೂ ಖರೇನ. ಜಗಳ ಮಾತ್ರ ಮುಗೀಲಿಲ್ಲ."

'ವೋಲ್ಟೇಜು ಯಾವಾಗಲೂ ಎರಡು ಬಿಂದುಗಳ ನಡುವೆ' ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ಆ ಹೊತ್ತಿಗೆ ಕನ್ನಡಕ ಒರೆಸುವ ತುರ್ತು ಕೆಲಸ ಬಂತು.

"ಮನ್ಯಾಗ ಇಲ್ಲದ ಮಡಿ ಇವಕ್ಕ್ಯಾಕ್ರಿ?" ಎಂದು ಅವಳೇ ಇನ್ನೊಂದು ವಾಯರು ತಂದುಕೊಟ್ಟಳು. ಅವಳ ತಮ್ಮ ಮೈನಸ್ಸಿಗೆ ಮೈನಸ್ಸು ಬೆಸೆದ. ಏನೂ ಸುಡಲಿಲ್ಲ. ಮೋಟಾರು ಹಾಕಿದೆವು. ನೀರು ಅಂಚಿಗೆ ಬರುತ್ತಲೇ ಪೀಪಿ ಓಣಿಗೆಲ್ಲ ಕೇಳುವಂತೆ ಕೂಗಿತು; ಅವಳು ಮೋಟಾರಿನ ಬಟನ್ ಆರಿಸಿದಳು. ಮೇಲೆ ಹೋಗಿ ನೋಡಿದರೆ ಸಂಡಿಗೆ ಗರಿಗರಿ.

ನಾನು ಮೀಸೆ ತಿರುವುತ್ತ ಇಳಿಯತೊಡಗಿದೆ. ಮೆಟ್ಟಿಲಲ್ಲಿ ಹೆಂಡತಿ ಛತ್ರಿ ಹಿಡಿದು ನಿಂತಿದ್ದಳು.

"ಮತ್ತ್ಯಾಕ? ಟಾಕೀನ ಪೀಪಿ ಕಾಯ್ತೈತಲ್ಲ!"

"ಟಾಕೀನ ಕಾಯ್ತೈತ್ರಿ. ಸಂಡಿಗಿಗೆ ಬರೋ ಕಾಗಿ ಯಾರು ಕಾಯಬೇಕು?"