ಕ್ರೇನಿನವಳು ಮೋಡದೊಳಗೆ ಹೋದದ್ದು

ನನ್ನ ಹೆಂಡತಿ ಹದಿಮೂರು ವರ್ಷ ಬಂದರಿನಲ್ಲಿ ಕ್ರೇನ್ ಓಡಿಸಿದಳು. ನೆಲದಿಂದ ನಲವತ್ತು ಮೀಟರ್ ಮೇಲೆ ಗಾಜಿನ ಗೂಡಿನಲ್ಲಿ ಕೂತು, ಹಡಗಿನ ಹೊಟ್ಟೆಯಿಂದ ಕಬ್ಬಿಣದ ಪೆಟ್ಟಿಗೆಗಳನ್ನು ಎತ್ತಿ ಲಾರಿಗಳ ಬೆನ್ನ ಮೇಲೆ ಇಡುವ ಕೆಲಸ. ಅವಳು ಮೂವತ್ತು ಟನ್ ಇಟ್ಟರೂ ಲಾರಿ ಡ್ರೈವರಿನ ಕೈಯಲ್ಲಿದ್ದ ಚಹಾ ತುಳುಕುತ್ತಿರಲಿಲ್ಲ ಎಂದು ಬಂದರಿನವರು ಈಗಲೂ ಹೇಳುತ್ತಾರೆ. ಹೇಗೆ ಮಾಡುತ್ತೀಯ ಎಂದು ಕೇಳಿದರೆ ಅವಳದು ಒಂದೇ ಉತ್ತರ: "ಕೂತಲ್ಲೇ ಗೊತ್ತಾಗುತ್ತೆ."

ನಾನು ದರ್ಜಿ. ಸ್ಟೂಲಿನ ಮೇಲೆ ಹತ್ತಿದರೆ ತಲೆ ಸುತ್ತುವ ಆಸಾಮಿ. ನಮ್ಮ ಮನೆಯಲ್ಲಿ ಬಲ್ಬು ಬದಲಿಸುವುದೂ ಅವಳೇ.

ಬಂದರಿನ ಕೆಲಸಗಾರರಿಗೆ ಒಂದು ಹಾರಾಟದ ಕ್ಲಬ್ಬು ಇತ್ತು. ಎರಡು ಹಳೆಯ ವಿಮಾನ, ತಗಡಿನ ಒಂದು ಶೆಡ್ಡು, ಒಬ್ಬ ಮೇಷ್ಟ್ರು. ಮೂವತ್ತೈದನೆಯ ವಯಸ್ಸಿನಲ್ಲಿ ಇವಳು ಅಲ್ಲಿ ಹೆಸರು ಬರೆಸಿ ಬಂದಳು. ಅನ್ನಕ್ಕೆ ಸಾರು ಹಾಕಿಕೊಳ್ಳುತ್ತಾ ಹೇಳಿದಳು, "ನಾಳೆಯಿಂದ ವಿಮಾನ ಕಲೀತೀನಿ." ನಾನು ತುತ್ತು ನುಂಗಲು ಮರೆತೆ. ನನ್ನ ಅಮ್ಮ ಮಾತ್ರ ತಲೆಯೆತ್ತದೆ ಕೇಳಿದಳು, "ನಲವತ್ತು ಮೀಟರ್ ಸಾಲದಾಯ್ತೇನೇ?"

"ಸಾಲ್ದು ಅತ್ತೆ."

"ಸರಿ, ಹೋಗಿ ನೋಡ್ಕೊಂಡು ಬಾ. ಬಂದು ನಂಗೂ ಹೇಳು."

ಬಿಸಿಲಿನ ದಿನಗಳಲ್ಲಿ, ಕಣ್ಣಿಗೆ ಎಲ್ಲವೂ ಕಾಣುವಾಗ ಹಾರುವುದನ್ನು ಅವಳು ಬೇಗ ಕಲಿತಳು. ಒಂದೂವರೆ ವರ್ಷದಲ್ಲಿ ಮೊದಲ ಲೈಸೆನ್ಸ್ ಬಂತು. ಮೇಷ್ಟ್ರು ಹೊಗಳುವವರಲ್ಲ, ಮೊದಲು ಅಂಚೆ ವಿಮಾನ ಓಡಿಸಿ, ತಲೆಗೂದಲು ಉದುರಿ ನಾಲ್ಕೆಳೆ ಉಳಿದು, ಮಾತನ್ನೂ ಅಷ್ಟೇ ಉಳಿಸಿಕೊಂಡಿದ್ದ ಮನುಷ್ಯ. ಅವರೂ "ಕೈ ಒಳ್ಳೇದಿದೆ" ಎಂದಿದ್ದರು. ಇವಳು ಆ ಎರಡು ಪದವನ್ನು ವಾರವಿಡೀ ಹೊತ್ತು ತಿರುಗಿದಳು.

ಮುಂದಿನ ಪಾಠ ಮೋಡದ್ದು. ಮೋಡದೊಳಗೆ ಹೊಕ್ಕರೆ ಆಕಾಶ ಯಾವುದು ನೆಲ ಯಾವುದು ತಿಳಿಯುವುದಿಲ್ಲವಂತೆ, ಎಲ್ಲ ಕಡೆಯೂ ಬರೀ ಬಿಳಿ. ಆಗ ಮುಂದಿರುವ ಆರು ಮುಳ್ಳುಗಡಿಯಾರಗಳನ್ನು ನೋಡಿಯೇ ಹಾರಬೇಕು: ವೇಗ, ಎತ್ತರ, ದಿಕ್ಕು, ತಿರುವು, ಏರಿಳಿತ, ಮತ್ತು ನಡುವೆ ವಿಮಾನ ಎತ್ತ ವಾಲಿದೆ ಎಂದು ತೋರಿಸುವ ದಿಗಂತದ ಗಡಿಯಾರ. ಕಲಿಯುವವರನ್ನು ಮೊದಲೇ ಮೋಡಕ್ಕೆ ಕರೆದೊಯ್ಯುವುದಿಲ್ಲ. ತಲೆಗೆ ಒಂದು ಮರೆಟೋಪಿ ಹಾಕುತ್ತಾರೆ. ಕುದುರೆಯ ಕಣ್ಣುಪಟ್ಟಿಯ ಹಾಗೆ, ಗಡಿಯಾರಗಳು ಬಿಟ್ಟು ಬೇರೇನೂ ಕಾಣುವುದಿಲ್ಲ. ಪಕ್ಕದ ಸೀಟಿನಲ್ಲಿ ಮೇಷ್ಟ್ರು ಕಣ್ಣು ತೆರೆದುಕೊಂಡು ಕೂತಿರುತ್ತಾರೆ.

ಮೊದಲ ದಿನ ಮನೆಗೆ ಬಂದವಳ ಮುಖ ನೋಡಿ ಯಾರೋ ಸತ್ತರೇನೋ ಅಂದುಕೊಂಡೆ.

"ನೇರವಾಗೇ ಹೋಗ್ತಿದ್ದೆ ಕಣ್ರೀ," ಎಂದಳು. "ಆಮೇಲೆ ಬಲಕ್ಕೆ ವಾಲ್ತಿದೆ ಅನ್ನಿಸ್ತು. ಎಡಕ್ಕೆ ಎಳೆದೆ. ಇನ್ನೂ ಬಲಕ್ಕೇ ವಾಲ್ತಿದೆ ಅನ್ನಿಸ್ತು. ಇನ್ನೂ ಎಳೆದೆ. ಮೇಷ್ಟ್ರು ಟೋಪಿ ಕಿತ್ತು, ನೋಡು ಅಂದ್ರು. ನೋಡಿದ್ರೆ ಸಮುದ್ರ ಕಿಟಕೀಲಿ ನಿಂತಿದೆ! ಎಡಗಡೆ ರೆಕ್ಕೆ ನೆಲ ನೋಡ್ತಿದೆ, ನಾವು ಸುರುಳಿ ಸುತ್ಕೊಂಡು ಇಳೀತಿದೀವಿ."

"ಗಡಿಯಾರ ಏನು ಹೇಳ್ತಿತ್ತು?"

"ಗಡಿಯಾರ ಸರಿಯಾಗೇ ಹೇಳ್ತಿತ್ತು. ನಾನೇ ನಂಬ್ಲಿಲ್ಲ."

ಇಷ್ಟು ವರ್ಷ ಯಾವ ದೇಹವನ್ನು ನಂಬಿ ಅನ್ನ ತಿಂದಿದ್ದಳೋ ಅದೇ ದೇಹ ಅವಳಿಗೆ ಸುಳ್ಳು ಹೇಳಿತ್ತು. ಅಂದು ಆದ ಅವಮಾನ ಅದು. ಎರಡನೆಯ ದಿನವೂ ಅದೇ. ಮೂರನೆಯ ದಿನ ವಾಂತಿ ಬೇರೆ.

ನನ್ನ ಅಂಗಡಿಯ ಪಕ್ಕದಲ್ಲಿ ಒಬ್ಬ ಕ್ಷೌರಿಕನಿದ್ದಾನೆ. ಅವನ ಹತ್ತಿರ ಗಿರಗಿರನೆ ತಿರುಗುವ ಕುರ್ಚಿಯಿದೆ. ದೇಹ ಹೇಗೆ ಸುಳ್ಳು ಹೇಳುತ್ತದೆ ನೋಡೋಣವೆಂದು ರಜೆಯ ದಿನ ಮಧ್ಯಾಹ್ನ ಅವಳನ್ನು ಅದರಲ್ಲಿ ಕೂರಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ನಿಧಾನವಾಗಿ ಒಂದೇ ಸಮನೆ ತಿರುಗಿಸಿದೆವು. ಯಾವ ಕಡೆ ತಿರುಗುತ್ತಿದ್ದೀಯೋ ಆ ಕಡೆ ಬೆರಳು ತೋರಿಸು ಎಂದೆ. ಮೊದಲು ಸರಿಯಾಗಿ ಬಲಕ್ಕೆ ತೋರಿಸಿದಳು. ಸ್ವಲ್ಪ ಹೊತ್ತಿಗೆ "ನಿಂತುಹೋಯ್ತು" ಎಂದಳು. ಕುರ್ಚಿ ಇನ್ನೂ ಬಲಕ್ಕೇ ತಿರುಗುತ್ತಲೇ ಇತ್ತು. ನಾನು ವೇಗ ತಗ್ಗಿಸಿದೆ. "ಈಗ ಎಡಕ್ಕೆ" ಎಂದು ಗಟ್ಟಿಯಾಗಿ, ಗುಲಗಂಜಿಯಷ್ಟೂ ಅನುಮಾನವಿಲ್ಲದೆ ಎಡಕ್ಕೆ ಬೆರಳು ಚಾಚಿದಳು. ಕ್ಷೌರಿಕ ಬಿದ್ದು ಬಿದ್ದು ನಕ್ಕ. ಆಮೇಲೆ ಅವನನ್ನು ಕೂರಿಸಿದೆವು, ಅವನೂ ಎಡಕ್ಕೇ ತೋರಿಸಿದ. ಕೊನೆಗೆ ಅಮ್ಮನೂ ಹಟ ಹಿಡಿದು ಕೂತಳು. ಅವಳು ಎಡಕ್ಕೆ ತೋರಿಸಿದ್ದಲ್ಲದೆ, "ನಂಗೆ ಗೊತ್ತಿಲ್ವಾ, ನೀವೇ ತಪ್ಪು" ಎಂದು ನಮಗೇ ಬೈದಳು.

ನನ್ನ ಹೆಂಡತಿ ನಗಲಿಲ್ಲ. "ಹಾಗಾದ್ರೆ ನಂದೊಬ್ಬಳ ಕಥೆ ಅಲ್ಲ ಇದು," ಎಂದಳು. ಅವಳ ಮುಖ ಅಂದು ಮೊದಲ ಸಲ ಸಡಿಲವಾಯಿತು.

ಆ ರಾತ್ರಿಯೇ ಆರು ಗಡಿಯಾರಗಳನ್ನು ರಟ್ಟಿನ ಮೇಲೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಒಂದನ್ನೇ ದಿಟ್ಟಿಸಬಾರದು, ಕಣ್ಣು ಸುತ್ತುತ್ತಿರಬೇಕು. ನಡುವಿನ ದಿಗಂತಕ್ಕೆ ಬಂದು, ಎತ್ತರಕ್ಕೆ ಹೋಗಿ, ಮತ್ತೆ ದಿಗಂತಕ್ಕೆ ಬಂದು, ದಿಕ್ಕಿಗೆ ಇಳಿದು. ಈರುಳ್ಳಿ ಹೆಚ್ಚುವಾಗ, ಹಾಲು ಕಾಯಿಸುವಾಗ ಅವಳ ಕಣ್ಣು ಗೋಡೆಯ ಮೇಲೆ ಓಡಾಡುತ್ತಿತ್ತು. ಆ ತಿಂಗಳು ನಮ್ಮ ಮನೆಯಲ್ಲಿ ಎಷ್ಟು ಸಲ ಹಾಲು ಉಕ್ಕಿತೋ ಲೆಕ್ಕವಿಲ್ಲ.

ಇದರೊಂದಿಗೆ ರೇಡಿಯೋದಲ್ಲಿ ಮಾತೂ ಆಡಬೇಕು. ಕಂಟ್ರೋಲ್ ಟವರಿನವರು ಒಂದೇ ಉಸಿರಿನಲ್ಲಿ ದಿಕ್ಕು, ಎತ್ತರ, ಗಾಳಿ ಎಲ್ಲ ಹೇಳುತ್ತಾರೆ, ಇವಳು ಅದನ್ನು ತಪ್ಪಿಲ್ಲದೆ ತಿರುಗಿ ಒಪ್ಪಿಸಬೇಕು. ಇಲ್ಲಿ ಅಮ್ಮ ರಂಗಕ್ಕಿಳಿದಳು. ಇಪ್ಪತ್ತೆಂಟು ವರ್ಷ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗಿದವಳು ಅವಳು. ನಿವೃತ್ತಿಯಾಗಿ ಆರು ವರ್ಷವಾಗಿದ್ದರೂ ಗಂಟಲು ನಿವೃತ್ತಿಯಾಗಿರಲಿಲ್ಲ. ಪಾಠದ ಪುಸ್ತಕ ಹಿಡಿದು, ಕನ್ನಡಕ ಏರಿಸಿ, ಇವಳು ಒಳಗೆ ಸ್ನಾನ ಮಾಡುವಾಗ ಬಚ್ಚಲುಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಆರ್ಭಟಿಸುತ್ತಿದ್ದಳು: "ಎಡಕ್ಕೆ ತಿರುಗಿ, ದಿಕ್ಕು ಎರಡು ಏಳು ಸೊನ್ನೆ, ಎರಡು ಸಾವಿರ ಅಡಿಗೆ ಇಳಿಯಿರಿ, ಪ್ರಯಾಣಿಕರ ಗಮನಕ್ಕೆ—"

"ಅತ್ತೆ, ಪ್ರಯಾಣಿಕರ ಗಮನಕ್ಕೆ ಬೇಡ."

"ರೂಢಿ ಕಣೇ. ನೀನು ಒಪ್ಪಿಸು."

ನನ್ನ ಪಾಲಿಗೂ ಒಂದು ಕೆಲಸ ಸಿಕ್ಕಿತು. ಕ್ಲಬ್ಬಿನ ಪ್ಲಾಸ್ಟಿಕ್ ಮರೆಟೋಪಿ ಅವಳ ಕಿವಿಯ ಹಿಂದೆ ಕೊರೆದು ಗಾಯ ಮಾಡುತ್ತಿತ್ತು. ಅದನ್ನು ಮನೆಗೆ ತರಿಸಿ, ಅಳತೆ ತೆಗೆದು, ಗಟ್ಟಿ ಕ್ಯಾನ್ವಾಸಿನಲ್ಲಿ ಒಂದು ಹೊಲಿದುಕೊಟ್ಟೆ. ಒಳಗೆ ಮೆತ್ತನೆಯ ಪಟ್ಟಿ, ಹಿಂದೆ ಬಿಗಿ ಮಾಡುವ ಗುಂಡಿ. ಮೇಷ್ಟ್ರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಇನ್ನೂ ಮೂರು ಬೇಕೆಂದರು. ಇವತ್ತು ಆ ಕ್ಲಬ್ಬಿನಲ್ಲಿ ಕುರುಡಾಗಿ ಹಾರುವವರೆಲ್ಲ ನನ್ನ ಕೈಯ ಟೋಪಿಯಲ್ಲೇ ಕುರುಡಾಗುವುದು. ಇದನ್ನು ನಾನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ಇಷ್ಟೆಲ್ಲ ಆಗಿಯೂ ಮೋಡದ ಹಾರಾಟದ ಮೊದಲ ಪರೀಕ್ಷೆಯಲ್ಲಿ ಅವಳು ನಪಾಸಾದಳು. ಎತ್ತರದ ಮುಳ್ಳನ್ನು ಹಿಡಿದಿಡುವ ಭರದಲ್ಲಿ ಅದನ್ನೇ ನೋಡುತ್ತಾ ಕೂತಳಂತೆ. ಅಷ್ಟರಲ್ಲಿ ದಿಕ್ಕು ಇಪ್ಪತ್ತು ಡಿಗ್ರಿ ಜಾರಿತ್ತು. ಪರೀಕ್ಷಕರು "ಇವತ್ತಿಗೆ ಸಾಕು" ಎಂದರಂತೆ. ಮನೆಗೆ ಬಂದು ಎರಡು ಬಕೆಟ್ ಬಟ್ಟೆ ಒಗೆದಳು. ಅವುಗಳಲ್ಲಿ ಒಂದು ಬಕೆಟ್ ಒಗೆದಿದ್ದ ಬಟ್ಟೆಯೇ. ಅಮ್ಮ ಹಗ್ಗಕ್ಕೆ ಬಟ್ಟೆ ಹರವಲು ಹೋಗಿ ಹೇಳಿದಳು, "ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಹದಿನಾಲ್ಕನೇ ಅಂಕಣದ ಬಸ್ಸನ್ನ ನಾಲ್ಕನೇದ್ರಲ್ಲಿದೆ ಅಂತ ಕೂಗಿಬಿಟ್ಟೆ. ಒಂದೂರಿಗೆ ಹೋಗೋ ಜನ ಎಲ್ಲ ಇನ್ನೊಂದೂರಿಗೆ ಹೋದ್ರು. ಅದ್ರಲ್ಲಿ ಒಬ್ಬ ಮದುಮಗ ಇದ್ದ."

ನನ್ನ ಹೆಂಡತಿ ಒದ್ದೆ ಸೀರೆ ಹಿಡಿದುಕೊಂಡೇ ನಗತೊಡಗಿದಳು. ನಗು ಅಳುವಾಯಿತು, ಮತ್ತೆ ನಗುವಾಯಿತು. ಮರುದಿನ ಕ್ಲಬ್ಬಿಗೆ ಹೋದಳು.

ಆ ಮರುದಿನ ಮೇಷ್ಟ್ರು ವಿಮಾನ ಹತ್ತಿಸಲಿಲ್ಲವಂತೆ. ಶೆಡ್ಡಿನ ಹೊರಗೆ ಬೆಂಚಿನ ಮೇಲೆ ಕೂರಿಸಿ ಕೇಳಿದರಂತೆ:

"ಹಡಗಿನ ತಳದಲ್ಲಿರೋ ಪೆಟ್ಟಿಗೆ ನಿನ್ನ ಗೂಡಿಂದ ಕಾಣುತ್ತಾ?"

"ಎಲ್ಲ ಕಾಣಲ್ಲ ಸಾರ್. ಮೂಲೇಲಿರೋದು ಕಾಣೋದೇ ಇಲ್ಲ."

"ಮತ್ತೆ ಹೇಗೆ ಎತ್ತುತ್ತೀಯ?"

"ಕೆಳಗೆ ಒಬ್ಬ ವಾಕಿಟಾಕಿ ಹಿಡ್ಕೊಂಡು ನಿಂತಿರ್ತಾನೆ. ಅವನು ಹೇಳ್ದಂಗೆ ಮಾಡ್ತೀನಿ."

"ಅವನು ಇಳಿಸು ಅಂದಾಗ ನಿಂಗೆ ಬೇಡ ಅನ್ನಿಸಿದ್ರೆ?"

"ಇಳಿಸ್ತೀನಿ. ಅವನಿಗೆ ಕಾಣುತ್ತೆ, ನಂಗೆ ಕಾಣಲ್ವಲ್ಲ."

"ಹಾಗಾದ್ರೆ ಇಷ್ಟು ದಿನ ನಿಂಗೆ ಇದು ಬರ್ತಿತ್ತು," ಎಂದು ಮೇಷ್ಟ್ರು ಎದ್ದು ಹೋದರಂತೆ. ಅಷ್ಟೇ ಪಾಠ.

ಅದಾಗಿ ಮೂರು ವಾರಕ್ಕೆ ಒಂದು ಸಂಜೆ ಅವಳು ಎಂದಿಗಿಂತ ತಡವಾಗಿ ಬಂದಳು. ಏನಾಯಿತು ಎಂದರೆ "ಒಂದು ಗಡಿಯಾರ ಕೆಟ್ಟಿತ್ತು" ಎಂದು ಹೇಳಿ, ಎರಡು ತಟ್ಟೆ ಅನ್ನ ಉಂಡು ಮಲಗಿದಳು. ನಾನೂ ಹೆಚ್ಚು ಕೇಳಲಿಲ್ಲ. ಅಸಲು ಕಥೆ ಗೊತ್ತಾದದ್ದು ಹತ್ತು ದಿನದ ಮೇಲೆ, ಮೇಷ್ಟ್ರು ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ನನ್ನ ಅಂಗಡಿಗೆ ಬಂದಾಗ. ನಾನು ಟೇಪು ಹಿಡಿದಿದ್ದೆ, ಅವರು ಕೈ ಮೇಲೆತ್ತಿ ನಿಂತಿದ್ದರು. ಆ ಭಂಗಿಯಲ್ಲೇ ಹೇಳಿದರು.

ಅಂದು ಟೋಪಿಯಿರಲಿಲ್ಲ, ನಿಜವಾದ ಮೋಡ. ಒಳಗೆ ಹೊಕ್ಕು ಹತ್ತು ನಿಮಿಷವಾಗಿತ್ತು. ನಡುವಿನ ದಿಗಂತದ ಗಡಿಯಾರ ಮೆಲ್ಲಗೆ, ನಿದ್ದೆ ತೂಗುವವರ ತಲೆಯ ಹಾಗೆ, ಬಲಕ್ಕೆ ವಾಲತೊಡಗಿತು. ಅದನ್ನು ನಂಬಿ ಎಡಕ್ಕೆ ಎಳೆದಿದ್ದರೆ ಮೊದಲ ದಿನದ ಸುರುಳಿಯೇ. ಆದರೆ ಈ ಸಲ ನೆಲ ತೋರಿಸಲು ಕಿತ್ತೆಸೆಯುವ ಟೋಪಿ ಇರಲಿಲ್ಲ.

"ನಾನು ನಕ್ಷೆ ಮಡಿಸ್ತಿದ್ದೆ," ಎಂದರು ಮೇಷ್ಟ್ರು. "ನಿಜ ಹೇಳ್ತೀನಿ, ನಾನು ನೋಡಿರಲಿಲ್ಲ. ಅವಳೇ ಹೇಳಿದ್ದು. ಸಾರ್, ದಿಗಂತ ಸುಳ್ಳು ಹೇಳ್ತಿದೆ ಅಂತ. ಹೇಗೆ ಗೊತ್ತಾಯ್ತು ಅಂದೆ. ಅದೊಂದೇ ವಾಲಿದೆ ಸಾರ್, ತಿರುವಿನ ಮುಳ್ಳು ನೆಟ್ಟಗಿದೆ, ವೇಗ ಅಲುಗಿಲ್ಲ, ಎತ್ತರ ಅಲುಗಿಲ್ಲ, ಮೂರು ಜನ ಒಂದು ಮಾತು ಹೇಳ್ತಿದಾರೆ, ಇವನೊಬ್ಬ ಬೇರೆ ಹೇಳ್ತಿದಾನೆ ಅಂದ್ಲು. ಗಾಳಿ ಹೀರಿ ಆ ಗಡಿಯಾರ ನಡೆಸೋ ಒಂದು ಪಂಪಿದೆ, ಅದರ ಮುಳ್ಳು ನೋಡಿದ್ರೆ ಸೊನ್ನೆಗೆ ಬಿದ್ದಿತ್ತು. ಪಂಪು ಸತ್ತಿತ್ತು. ಅದು ಸತ್ರೆ ದಿಗಂತವೂ ಹೋಯ್ತು, ದಿಕ್ಕಿನ ಗಡಿಯಾರವೂ ಹೋಯ್ತು."

"ಆಮೇಲೆ?"

"ಆಮೇಲೆ ಜೇಬಿಂದ ಬಸ್ ಟಿಕೆಟ್ ತೆಗೆದು, ಎಂಜಲು ಹಚ್ಚಿ ದಿಗಂತದ ಮೇಲೆ ಅಂಟಿಸಿದ್ಲು. ಕಣ್ಣಿಗೆ ಬಿದ್ರೆ ಮನಸ್ಸು ಕೆಡಿಸುತ್ತೆ ಅಂತ."

ಮೇಷ್ಟ್ರು ವಿಮಾನವನ್ನು ತಮ್ಮ ಕೈಗೆ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ. ಅವಳು ಟವರಿಗೆ ವಿಷಯ ತಿಳಿಸಿದಳು. ಅಲ್ಲಿಯ ಒಬ್ಬ ಹೆಂಗಸು ರೇಡಾರಿನಲ್ಲಿ ಇವರ ಚುಕ್ಕೆಯನ್ನು ನೋಡುತ್ತಾ "ಎಡಕ್ಕೆ ತಿರುಗಿ" ಎಂದಾಗ ಇವಳು ತಿರುಗಿದಳು, "ನಿಲ್ಲಿಸಿ" ಎಂದಾಗ ನಿಲ್ಲಿಸಿದಳು. ಇಪ್ಪತ್ತೆರಡು ನಿಮಿಷ ಹೀಗೆಯೇ ನಡೆಯಿತು. ಅವಳ ದೇಹ ಅಷ್ಟು ಹೊತ್ತೂ ಬಲಕ್ಕೆ ಬೀಳುತ್ತಿದ್ದೀಯ ಎಂದು ಕೂಗುತ್ತಲೇ ಇತ್ತಂತೆ. ಕುತ್ತಿಗೆಯಿಂದ ಬೆವರು ಇಳಿದು ಕಾಲರು ತೊಯ್ದು ಹೋಗಿತ್ತು. ಆದರೆ ಕೈ ಮಾತ್ರ ಪೆಟ್ಟಿಗೆ ಇಡುವ ಕೈಯೇ. ಏಳುನೂರು ಅಡಿಯಲ್ಲಿ ಮೋಡ ಹರಿಯಿತು. ರನ್‌ವೇ ಎದುರಿಗೇ ಚಾಪೆ ಹಾಸಿದ ಹಾಗೆ ಬಿದ್ದಿತ್ತು.

"ಇಳಿದ ಮೇಲೆ ನೀವೇನಂದ್ರಿ?" ಎಂದು ಕೇಳಿದೆ.

"ಏನನ್ನೋದು? ನಾನು ಹೋಗಿ ಬೆಂಚಿನ ಮೇಲೆ ಕೂತುಬಿಟ್ಟೆ. ಅವಳೇ ಕಾಫಿ ತಂದುಕೊಟ್ಳು." ಮೇಷ್ಟ್ರು ಕೈ ಇಳಿಸಿದರು. "ಮೂವತ್ತು ವರ್ಷದಿಂದ ಕಲಿಸ್ತಿದೀನಿ. ನಂಗೆ ಇಂಥ ಶಿಷ್ಯರು ಸಿಕ್ಕಿದ್ದು ಎರಡೋ ಮೂರೋ. ಇದನ್ನ ಅವಳಿಗೆ ಹೇಳ್ಬೇಡಿ, ಪರೀಕ್ಷೆ ಇದೆ."

ಅವರು ಹೋದ ಮೇಲೆ ನಾನು ಅಂಗಡಿಯ ಬಾಗಿಲು ಎಳೆದೆ. ಎದೆ ತುಂಬಿ ಬಂದಿತ್ತು, ಜೊತೆಗೆ ಸಿಟ್ಟೂ. ಮನೆಗೆ ಹೋಗಿ ಕೇಳಿಯೇಬಿಟ್ಟೆ, "ಒಂದು ಗಡಿಯಾರ ಕೆಟ್ಟಿತ್ತು ಅಂದೆಯಲ್ಲ, ಇದಾ?"

"ಕೆಟ್ಟಿತ್ತಲ್ಲ?" ಎಂದಳು. "ಸುಳ್ಳು ಹೇಳಿದ್ನಾ?"

ಎರಡನೆಯ ಪರೀಕ್ಷೆ ಒಂದು ಮಂಗಳವಾರ ನಡೆಯಿತು. ಅದರ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ, ಏಕೆಂದರೆ ಎಲ್ಲವೂ ಸರಿಯಾಗಿ ಆಯಿತು. ಮುಳ್ಳುಗಳು ಇರಬೇಕಾದಲ್ಲಿ ಇದ್ದವು. ಹಿಂದೆ ನಪಾಸು ಮಾಡಿದ ಪರೀಕ್ಷಕರೇ ಕೈ ಕುಲುಕಿ, ಮುಂಚೆ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು. "ಮುಂಚೆ ಅಲ್ಲ ಸಾರ್, ಈಗಲೂ ಕ್ರೇನೇ," ಎಂದಳಂತೆ.

ಮುಂದಿನ ವರ್ಷ ಸಂಬಳಕ್ಕೆ ಹಾರಿಸುವ ದೊಡ್ಡ ಲೈಸೆನ್ಸೂ ಆಯಿತು, ಕ್ರೇನು ಬಿಟ್ಟಳು. ಈಗ ಎರಡು ಇಂಜಿನಿನ ಪುಟ್ಟ ವಿಮಾನದಲ್ಲಿ ದ್ವೀಪಗಳ ಆಸ್ಪತ್ರೆಗಳಿಗೆ ರಕ್ತದ ಚೀಲ, ಔಷಧಿ ಸಾಗಿಸುತ್ತಾಳೆ. ಅಲ್ಲಿ ವರ್ಷದ ಅರ್ಧದಷ್ಟು ದಿನ ಮಂಜು. ಉಳಿದವರು ನಿಂತ ದಿನವೂ ಅವಳು ಹೋಗಿಬಿಡುತ್ತಾಳೆ ಎಂದು ನಾನು ಹೇಳುವುದಿಲ್ಲ. ನಿಲ್ಲಬೇಕಾದ ದಿನ ಅವಳೂ ನಿಲ್ಲುತ್ತಾಳೆ. ಹೋಗಬಹುದಾದ ದಿನ ಯಾವುದು, ಹೋಗಬಾರದ ದಿನ ಯಾವುದು ಎಂದು ತಿಳಿದಿರುವುದೂ ಆ ವಿದ್ಯೆಯ ಭಾಗವೇ ಎನ್ನುತ್ತಾಳೆ.

ಕಳೆದ ತಿಂಗಳು ಅಮ್ಮನನ್ನು ಕರೆದುಕೊಂಡು ವಿಮಾನ ನಿಲ್ದಾಣದ ಬೇಲಿಯ ಬಳಿ ಹೋಗಿದ್ದೆ. ಮೋಡ ತಲೆಗೆ ತಾಗುವಷ್ಟು ತಗ್ಗಿತ್ತು. ಅವಳ ವಿಮಾನದ ಸದ್ದು ಮಾತ್ರ ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ಅಮ್ಮ ನನ್ನ ತೋಳು ಹಿಡಿದಿದ್ದಳು. ಆಮೇಲೆ ಆ ಬಿಳಿಯೊಳಗಿಂದ ಎರಡು ದೀಪ ಹೊರಬಂದವು. ಅತ್ತ ಇತ್ತ ಒಂದಿಷ್ಟೂ ಅಲ್ಲಾಡದೆ, ದಾರಿಯ ನಟ್ಟನಡುವಿನ ಗೆರೆಯ ಮೇಲೆ ನೆಟ್ಟಗೆ. ಚಕ್ರ ನೆಲ ಮುಟ್ಟಿದ್ದು ನನಗೆ ಗೊತ್ತೇ ಆಗಲಿಲ್ಲ.

ಪಕ್ಕದಲ್ಲಿ ಯಾರೋ ಅಪರಿಚಿತರು ನಿಂತಿದ್ದರು. ಅಮ್ಮ ಅವರತ್ತ ತಿರುಗಿದಳು.

"ನಮ್ಮ ಸೊಸೆ," ಎಂದಳು.